ರಂಭೆಯ ಜಿಗಿತ: ಒಂದು ಮೀಮಾಂಸೆ

ವಿಷಯ: ನರ್ತಕಿ ರಂಭೆ ಗೋಳಗುಮ್ಮಟದ ಪಿಸುಮಾತಿನ ಗ್ಯಾಲರಿಯಿಂದ ಹಾರಿದ್ದೇಕೆ? ಇದನ್ನು ತರ್ಕಿಸುವ ಶಾಸ್ತ್ರದಲ್ಲಿ ವಿಜಯಪುರದವರು ಬಹಳ ಹಿಂದೆಯೇ ಪಳಗಿದ್ದಾರೆ. ವಾದಿಗಳು ಮುಖ್ಯವಾಗಿ ನಾಲ್ಕು ಬಗೆ.

ಮೊದಲನೆಯವರು ಪ್ರೇಮವಾದಿಗಳು. ಇದೇ ಸಂಪ್ರದಾಯಸ್ಥ ಮತ. "ನನ್ನ ಸಲುವಾಗಿ ಜೀವಾ ಕೊಡ್ತೀಯೇನು?" ಎಂದು ಸುಲ್ತಾನ ಮುಹಮ್ಮದ್ ಆದಿಲ್‌ಶಾ ಕೇಳಿದ, ಅಕಿ ಹಾರೇಬಿಟ್ಟಳು. ಹೊಸದಾಗಿ ಮದುವೆಯಾದವರು ಇದನ್ನು ಪ್ರಶ್ನಿಸುವುದಿಲ್ಲ.

ಎರಡನೆಯವರು ಸಿಟ್ಟುವಾದಿಗಳು. ಟಿಕೋಟಾ, ಬಬಲೇಶ್ವರ ಕಡೆಯಿಂದ ಮಕ್ಕಳನ್ನು ಕಟ್ಟಿಕೊಂಡು ಬರುವ ಹೆಣ್ಣುಮಕ್ಕಳಲ್ಲಿ ಈ ಪಂಥ ಬಲವಾಗಿದೆ. ಇಷ್ಟು ವರ್ಷ ಬಾಳಿದ ಮೇಲೂ ಹಿಂಗ ಕೇಳ್ತಾನಲ್ಲ ಅಂತ ಹಾರಿರಬೇಕು ಎನ್ನುತ್ತಾರೆ. ನನ್ನ ಒಲವೂ ಈ ಕಡೆಗೇ.

ಮೂರನೆಯವರು ತಳ್ಳುವಾದಿಗಳು: ಅವಳು ಹಾರಲಿಲ್ಲ, ಯಾರೋ ನೂಕಿದರು. ಇವರಿಗೆ ಕಟ್ಟಡವೇ ಎದುರುವಾದಿ. ಗುಮ್ಮಟದ ಒಳವ್ಯಾಸ ಸುಮಾರು 38 ಮೀಟರ್. ಈ ಗೋಡೆಗೆ ಮೂತಿಯಿಟ್ಟು ಪಿಸುಗುಟ್ಟಿದರೆ ಆ ತುದಿಯಲ್ಲಿ ಕೇಳುತ್ತದೆ, ಚಪ್ಪಾಳೆ ಏಳು ಸಲ ಮರಳುತ್ತದೆ ಎಂಬ ಪ್ರತೀತಿ. ಗುಟ್ಟಾಗಿ ಕೊಲೆ ಮಾಡುವವನು ಜಗತ್ತಿನಲ್ಲಿ ಇದೊಂದು ಜಾಗ ಬಿಟ್ಟು ಎಲ್ಲಿ ಬೇಕಾದರೂ ಮಾಡಿಯಾನು.

ನಾಲ್ಕನೆಯವರು ವೈದ್ಯವಾದಿಗಳು, ಸಂಖ್ಯೆಯಲ್ಲಿ ಕಡಿಮೆ, ಕಾಟದಲ್ಲಿ ಹೆಚ್ಚು. ಸುಲ್ತಾನ 1656ರಲ್ಲಿ ತೀರಿಕೊಂಡ. ಅದಕ್ಕೆ ಮೊದಲು ಸುಮಾರು ಹತ್ತು ವರ್ಷ ಕಾಯಿಲೆಯಲ್ಲಿದ್ದ, ರಾಜ್ಯಭಾರ ಬಹುಮಟ್ಟಿಗೆ ಅವನ ಬೇಗಂ ಬಡೀ ಸಾಹಿಬಾ ನೋಡಿಕೊಂಡಳು. ಅಂಥವನು ಏಳಂತಸ್ತಿನ ಮಿನಾರದ ಇಕ್ಕಟ್ಟು ಮೆಟ್ಟಿಲು ಹತ್ತಿ ಹೋಗಿ ಪ್ರೇಮಪರೀಕ್ಷೆ ನಡೆಸಿದನೇ? ಪಲ್ಲಕ್ಕಿಯಲ್ಲಿ ಹೊತ್ತೊಯ್ದರೆಂದು ಪ್ರೇಮವಾದಿಗಳ ಉತ್ತರ. ಆ ಸುತ್ತುಮೆಟ್ಟಿಲಲ್ಲಿ ಎದುರಿಗೊಬ್ಬ ದಢೂತಿ ಪ್ರವಾಸಿ ಬಂದರೇ ಗೋಡೆಗೆ ಅಂಟಿಕೊಂಡು ನಿಲ್ಲಬೇಕು. ಪಲ್ಲಕ್ಕಿಯ ಮಾತು ಅಲ್ಲಿಗೇ ನಿಂತಿತು.

ಇನ್ನು ಪ್ರಮಾಣವಿಚಾರ. ಜಿಗಿತಕ್ಕೆ ಸಾಕ್ಷಿ ಬಾಯಿಮಾತಷ್ಟೇ. ಗೋರಿ ಮಾತ್ರ ಕಣ್ಣೆದುರಿಗಿದೆ: ನಡುವಿನ ಕಟ್ಟೆಯ ಮೇಲೆ ಸುಲ್ತಾನ, ಬೇಗಮರಾದ ತಾಜ್ ಜಹಾನ್ ಮತ್ತು ಅರೂಸ್ ಬೀಬಿ, ಮಗಳು, ಮೊಮ್ಮಗ ಇವರ ಸಾಲಿನಲ್ಲೇ ರಂಭೆಯದೂ ಒಂದು. ಮೇಲಿನವು ಗುರುತಿಗೆ, ನಿಜವಾದ ಗೋರಿಗಳು ಕೆಳಗಿನ ನೆಲಮಾಳಿಗೆಯಲ್ಲಿ. ಕುಣಿಯುವವಳಿಗೆ ರಾಜಮನೆತನದ ಸಾಲಿನಲ್ಲಿ ಜಾಗ ಹೇಗೆ ಸಿಕ್ಕಿತು? ಊರಿಗೆ ಇದು ಜೀರ್ಣವಾಗಲಿಲ್ಲ. ಹಾರಿದ್ದಕ್ಕೆ ಗೋರಿ ಸಿಕ್ಕಿತು ಎನ್ನುವುದಕ್ಕಿಂತ, ಗೋರಿ ಸಿಕ್ಕಿದ್ದಕ್ಕೇ ಅವಳನ್ನು ಜನ ಹಾರಿಸಿದರು ಎನ್ನುವುದು ನನಗೆ ಒಪ್ಪುವ ಮಾತು. ಹೆಂಗಸಿಗೆ ಗೌರವ ಸಿಗಬೇಕಾದರೆ ಜೀವ ಕೊಟ್ಟಿರಲೇಬೇಕಲ್ಲ! ಊರ ಹೊರಗಿನ, ಅರವತ್ತು ಗೋರಿ ಎಂದರ್ಥದ ಸಾಠ್ ಕಬರ್‌ಗೂ ಇಂಥದ್ದೇ ಕಥೆಯಿದೆ: 1659ರಲ್ಲಿ ಶಿವಾಜಿಯ ಮೇಲೆ ಹೊರಟ ಸೇನಾನಿ ಅಫಜಲ್ ಖಾನ್ ಹೆಂಡಿರನ್ನೆಲ್ಲ ಬಾವಿಗೆ ನೂಕಿದನಂತೆ. ಅಲ್ಲಿ ಮಾತ್ರ ಎಲ್ಲರೂ ಗಂಡಸಿನ ಉದ್ದೇಶವನ್ನೇ ಚರ್ಚಿಸುತ್ತಾರೆ.

ಗುಮ್ಮಟದಲ್ಲಿ ಐದನೆಯ ವರ್ಗವೊಂದು ಇರಬೇಕಿತ್ತು: ಸುಲ್ತಾನ ಹಾಗೆ ಕೇಳಿದ್ದಾದರೂ ಏಕೆ? ಅದಕ್ಕೆ ಈತನಕ ಒಬ್ಬ ವಾದಿಯೂ ಸಿಕ್ಕಿಲ್ಲ.