ಈರುಳ್ಳಿ ರಫ್ತು ನಿಷೇಧ ಯಂತ್ರ: ಬಳಸುವ ವಿಧಾನ

ದೆಹಲಿಯ ಅಧಿಕಾರಿಗಳ ಗಮನಕ್ಕೆ. ಗುಂಡಿ ಒತ್ತುವ ಮುನ್ನ ಕಡೂರು, ಅಜ್ಜಂಪುರದ ಕಡೆ ಹೊಲ ಹೇಗಿದೆ ಎಂದು ವಿಚಾರಿಸಿ. ಮುಂಗಾರಿಗೆ ಬಿತ್ತಿದ ಈರುಳ್ಳಿ ಅಲ್ಲಿ ಆಗಸ್ಟ್, ಸೆಪ್ಟೆಂಬರಿನಲ್ಲಿ ಕೀಳಲು ಬರುತ್ತದೆ. ಮಳೆಯಲ್ಲಿ ಬೆಳೆದ ಗಡ್ಡೆ, ಮಹಾರಾಷ್ಟ್ರದ ಬೇಸಿಗೆ ಈರುಳ್ಳಿಯ ಹಾಗೆ ತಿಂಗಳುಗಟ್ಟಲೆ ಇಟ್ಟುಕೊಂಡು ಬೆಲೆ ಕಾಯುವಂತಿಲ್ಲ. ಹಾಗಾಗಿ ಒತ್ತಲು ಇದೇ ಸುಮುಹೂರ್ತ. 2019ರಲ್ಲಿ ಸೆಪ್ಟೆಂಬರ್ 29ಕ್ಕೆ ಒತ್ತಲಾಯಿತು, 2020ರಲ್ಲಿ ಸೆಪ್ಟೆಂಬರ್ 14ಕ್ಕೆ.

ಮುಖ್ಯ ಸೂಚನೆ: ನೆರೆಯವರಿಗೆ ಸುಳಿವು ಕೊಡಬೇಡಿ. 2019ರ ಅಕ್ಟೋಬರಿನಲ್ಲಿ ಬಾಂಗ್ಲಾದೇಶದ ಪ್ರಧಾನಿ ಶೇಖ್ ಹಸೀನಾ ದೆಹಲಿಗೇ ಬಂದು, ಅಡುಗೆಯವರಿಗೆ ಈರುಳ್ಳಿ ಹಾಕಬೇಡಿ ಎಂದು ಹೇಳಿದ್ದೇನೆ, ಇನ್ನು ಮುಂದೆ ಮೊದಲೇ ತಿಳಿಸಿದರೆ ಒಳ್ಳೆಯದು ಎಂದು ನಗುನಗುತ್ತಲೇ ಚುಚ್ಚಿದರು. ಸಭೆಯೂ ನಕ್ಕಿತು. ಮರುವರ್ಷ ಮತ್ತೆ ಹೇಳದೆ ಕೇಳದೆ ಬಾಗಿಲು ಹಾಕಲಾಯಿತು. ಗಡಿಯಲ್ಲಿ ಲಾರಿಗಳು ಸಾಲುಗಟ್ಟಿದವು, ಢಾಕಾದಿಂದ ಬೇಸರದ ಪತ್ರ ಬಂತು. ಗಾಬರಿ ಬೇಡ, ಯಂತ್ರ ಸರಿಯಾಗಿಯೇ ಕೆಲಸ ಮಾಡುತ್ತಿದೆ. ಅವರು ಮ್ಯಾನ್ಮಾರ್, ಈಜಿಪ್ಟ್, ಟರ್ಕಿ, ಕೊನೆಗೆ ಪಾಕಿಸ್ತಾನದಿಂದಲೂ ತರಿಸಿಕೊಳ್ಳುತ್ತಾರೆ. ಕೈಬಿಟ್ಟ ಗಿರಾಕಿಯನ್ನು ಮತ್ತೆ ಕರೆತರುವ ಗುಂಡಿ ಇದರಲ್ಲಿಲ್ಲ.

ದೂರು ಹೆಚ್ಚಾದರೆ ಒಂದಿಷ್ಟು ಸಡಿಲಿಸಿ. 2020ರ ಅಕ್ಟೋಬರಿನಲ್ಲಿ 10,000 ಟನ್ ಬೆಂಗಳೂರು ರೋಸ್ ಈರುಳ್ಳಿಗೆ ಅನುಮತಿ ಸಿಕ್ಕಿತು. ಅದು ಚಿಕ್ಕಬಳ್ಳಾಪುರ, ಕೋಲಾರದ ಬೆಳೆ. ಅಜ್ಜಂಪುರದವರು ಪತ್ರಿಕೆಯಲ್ಲಿ ಓದಿ ಸಂತೋಷಪಡಬಹುದಿತ್ತು.

ಇನ್ನು ಈ ಯಂತ್ರದ ನೆನಪಿನ ವಿಷಯ. ಅದರಲ್ಲಿ ಒಂದೇ ಘಟನೆ ಉಳಿದಿದೆ: 1998ರ ದೆಹಲಿ ವಿಧಾನಸಭಾ ಚುನಾವಣೆ. ಈರುಳ್ಳಿ ಬೆಲೆ ಏರಿ ಸುಷ್ಮಾ ಸ್ವರಾಜ್ ಸರ್ಕಾರ ಸೋತದ್ದು. ಅಂದಮೇಲೆ ಪಾಠ ಕಲಿಯುವುದು ಇದಕ್ಕೆ ಬರುವುದಿಲ್ಲ ಎನ್ನಲಾಗದು. ಕೊಳ್ಳುವವರ ಓಟಿನ ಪಾಠ ಬಾಯಿಪಾಠವಾಗಿದೆ. ಢಾಕಾಕ್ಕೆ ಇಲ್ಲಿ ಓಟಿಲ್ಲ, ಕಡೂರಿನ ಓಟು ದೆಹಲಿಗೆ ಕಾಣುವುದಿಲ್ಲ. 2023ರ ಆಗಸ್ಟಿನಲ್ಲಿ ಶೇ. 40 ಸುಂಕ, ಡಿಸೆಂಬರಿನಲ್ಲಿ ಪೂರ್ತಿ ನಿಷೇಧ. ಅದು ತೆರವಾದದ್ದು 2024ರ ಮೇ ತಿಂಗಳಲ್ಲಿ, ಲೋಕಸಭಾ ಚುನಾವಣೆಯ ನಡುವೆ. ಸುಂಕ ಪೂರ್ತಿ ಹೋದದ್ದು 2025ರ ಏಪ್ರಿಲ್ 1ಕ್ಕೆ.

(ತರೀಕೆರೆಯ ಅಡಿಕೆಯವರು ಇದು ನಮ್ಮದಲ್ಲ ಎಂದು ಹಾಳೆ ಮಗುಚಬೇಡಿ. ನಿಮಗೆ ಇದೇ ಯಂತ್ರ ಹಿಮ್ಮುಖವಾಗಿ ತಿರುಗುತ್ತದೆ. ಕನಿಷ್ಠ ಆಮದು ಬೆಲೆಯ ಕಟ್ಟಿಲ್ಲದೆ ಭೂತಾನದಿಂದ ವರ್ಷಕ್ಕೆ 17,000 ಟನ್ ಹಸಿ ಅಡಿಕೆ ಬರಲಿ ಎಂದು 2022ರ ಸೆಪ್ಟೆಂಬರಿನಲ್ಲಿ ಅಪ್ಪಣೆಯಾಯಿತು. ನೆರೆಯವರೊಂದಿಗೆ ಸ್ನೇಹ ಬೇಕು, ಒಪ್ಪೋಣ. ಅದರ ಖರ್ಚು ಯಾವಾಗಲೂ ತೋಟದವನ ಲೆಕ್ಕಕ್ಕೇ ಏಕೆ?)

ಗುಂಡಿ ಒತ್ತಲೇಬೇಕಿದ್ದರೆ ಸ್ವಾಮಿ, ಬಿತ್ತನೆಗೆ ಮುಂಚೆ, ಮೇ ತಿಂಗಳಲ್ಲೇ ಹೇಳಿಬಿಡಿ. ಢಾಕಾಕ್ಕೂ ಅಜ್ಜಂಪುರಕ್ಕೂ ಒಂದೇ ದಿನ ಹೇಳಿ.