ಪೊರಕೆ ವಾರ

ಬೆಂಗಳೂರಿನಲ್ಲಿದ್ದಾಗ ಬೆಳಗಾದರೆ ನಮ್ಮ ಮನೆ ಬಾಗಿಲಿಗೆ ಎಷ್ಟು ಜನ ಬಂದು ಹೋಗುತ್ತಿದ್ದರು ಅನ್ನುವುದನ್ನು ನಾನು ಯಾವತ್ತೂ ಯೋಚಿಸಿರಲಿಲ್ಲ. ಹಾಲಿನವನು, ಪೇಪರಿನ ಹುಡುಗ, ಹೂವಿನಮ್ಮ, ಸೊಪ್ಪಿನ ಅಜ್ಜಿ, ಕೆಲಸದವಳು, ಕಸದ ಗಾಡಿ, ಇಸ್ತ್ರಿಯವನು, ಯಾವಾಗಲೋ ಒಮ್ಮೆ ತಕ್ಕಡಿ ಹಿಡಿದುಕೊಂಡು ಹಳೇ ಪೇಪರಿನವನು. ಇವರಲ್ಲಿ ಇವತ್ತು ಯಾರು ಕೈಕೊಡುತ್ತಾರೆ ಅನ್ನುವ ಕುತೂಹಲದಿಂದಲೇ ದಿನ ಶುರುವಾಗುತ್ತಿತ್ತು. ನಲ್ಲಿ ರಿಪೇರಿಯವನಿಗೆ ಫೋನು ಮಾಡಿದರೆ "ಇಲ್ಲೇ ಕ್ರಾಸಲ್ಲಿದೀನಿ ಮೇಡಂ, ಬಂದೇಬಿಟ್ಟೆ" ಅನ್ನುತ್ತಿದ್ದ. ಗುರುವಾರದ ತನಕ ಕೆಳಗೊಂದು ಬಕೆಟ್ ಇಟ್ಟುಕೊಳ್ಳಿ ಎಂದು ನಾವು ತಿಳಿದುಕೊಳ್ಳಬೇಕು. ಈಗ ಸ್ಟುಟ್‌ಗಾರ್ಟಿನಲ್ಲಿ ಅಷ್ಟೂ ಜನರ ಕೆಲಸವನ್ನು ನಾವಿಬ್ಬರೇ ಮಾಡುತ್ತಿದ್ದೇವೆ, ನಾನು ಮತ್ತು ನಮ್ಮೆಜಮಾನರು. ಕೈಕೊಡುವವರೂ ನಾವೇ ಆದ್ದರಿಂದ ಬೈಯುವುದಕ್ಕೆ ಜನ ಹುಡುಕಿಕೊಂಡು ಹೋಗಬೇಕಾಗಿಲ್ಲ, ಅದೊಂದು ಅನುಕೂಲ.

ರಜಕ್ಕೆ ಹೋದಾಗ ಮದುವೆಮನೆಯ ಊಟದ ಪಂಕ್ತಿಯಲ್ಲಿ ಪಕ್ಕದವರು ಕೇಳುತ್ತಾರೆ: "ಅಲ್ಲಿ ಸುಖವಾ, ಇಲ್ಲಿ ಸುಖವಾ?" ಬಡಿಸುವವನು ಸಾರಿನ ಬಕೆಟ್ ಹಿಡಿದು ತಲೆಯ ಮೇಲೆ ನಿಂತಿರುವಾಗ ಇದಕ್ಕೆ ಉತ್ತರ ಹೇಳುವುದು ಹೇಗೆ? ಈಗ ನಿಧಾನವಾಗಿ ಹೇಳುತ್ತೇನೆ. ಊರಿನಲ್ಲಿ ಎಲ್ಲದಕ್ಕೂ ಜನ ಇದ್ದಾರೆ, ಅವರು ಬರುವುದಿಲ್ಲ. ಇಲ್ಲಿ ಎಲ್ಲವೂ ಹೊತ್ತಿಗೆ ಸರಿಯಾಗಿ ಆಗುತ್ತದೆ, ಮಾಡಬೇಕಾದವರು ನಾವೇ.

ಮನೆ ಹುಡುಕುವಾಗಲೇ ಇದರ ಸುಳಿವು ಸಿಕ್ಕಿತ್ತು. ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಎಣಿಸಿ ಬಂದವರು ನಾವು. ಇಲ್ಲಿ ಕಾನೂನಿನ ಪ್ರಕಾರ 3 ತಿಂಗಳ ಬಾಡಿಗೆಗಿಂತ ಹೆಚ್ಚು ಠೇವಣಿ ಕೇಳುವಂತಿಲ್ಲ ಎಂದು ತಿಳಿದು ಹಿಗ್ಗಿಹೋದೆವು. ಆಮೇಲೆ ಅಡುಗೆಮನೆ ತೋರಿಸಿದರು. ಖಾಲಿ ಕೋಣೆ. ಗೋಡೆಯಿಂದ ಎರಡು ನೀರಿನ ಪೈಪು, ಚಾವಣಿಯಿಂದ ಒಂದಿಷ್ಟು ವೈರು. ಸಿಂಕ್ ಎಲ್ಲಿ ಅಂದರೆ ಹಿಂದಿನವರು ಬಿಚ್ಚಿಕೊಂಡು ಹೋದರಂತೆ. ಒಲೆ? ಅದೂ. ಬಲ್ಬು? ಅದೂ. ಅಡುಗೆಮನೆಯನ್ನೇ ಕಳಚಿ ಲಾರಿಗೆ ಹಾಕಿಕೊಂಡು ಮನೆ ಬದಲಾಯಿಸುವುದು ಇಲ್ಲಿ ಸಾಮಾನ್ಯ ಸಂಗತಿ. ನಾವಾದರೋ ಕ್ಯಾಲೆಂಡರಿನ ಮೊಳೆಯನ್ನೂ, ಕೆಲವೊಮ್ಮೆ ಕ್ಯಾಲೆಂಡರನ್ನೂ, ಮುಂದೆ ಬರುವವರಿಗೆಂದು ಬಿಟ್ಟುಬರುವ ಜನ. ಬಲ್ಬಿನ ಹೋಲ್ಡರ್ ಬದಲಾಯಿಸಲೂ ಎಲೆಕ್ಟ್ರಿಷಿಯನ್ನನ್ನು ಕರೆಯುತ್ತಿದ್ದ ನಮ್ಮೆಜಮಾನರು ರಟ್ಟಿನ ಪೆಟ್ಟಿಗೆಗಳಲ್ಲಿ ಒಂದು ಅಡುಗೆಮನೆಯನ್ನು ಕೊಂಡುತಂದು, ನಕ್ಷೆ ಹರಡಿಕೊಂಡು, ಶನಿವಾರಗಳಂದು ಜೋಡಿಸಿದರು. ಕೆಲಸಗಾರರನ್ನು ಕರೆಸಿದರೆ ಬಂದು ಬೆಲ್ ಒತ್ತಿದ್ದಕ್ಕೇ ಬೇರೆ ದುಡ್ಡು ಕೊಡಬೇಕು. ಒಂದು ಕಪಾಟಿನ ಬಾಗಿಲು ಇವತ್ತಿಗೂ ತಿರುಗಾಮುರುಗಾ ತೆರೆದುಕೊಳ್ಳುತ್ತದೆ. ಅದರೊಳಗೆ ಯಾವಾಗಲೋ ಬೇಕಾಗುವ ಒತ್ತುಶ್ಯಾವಿಗೆ ಒರಳು ಇಟ್ಟಿದ್ದೇನೆ.

ಆಮೇಲೆ ಬಂತು ಪೊರಕೆ ವಾರ. ಸ್ಟುಟ್‌ಗಾರ್ಟ್ ಇರುವುದು ಶ್ವಾಬಿಯಾ ಸೀಮೆಯಲ್ಲಿ. ಇಲ್ಲಿನವರ ಚೊಕ್ಕಟವನ್ನೂ ಜಿಪುಣತನವನ್ನೂ ಆಡಿಕೊಂಡು ನಗುವುದು ಉಳಿದ ಜರ್ಮನ್ನರಿಗೆ ಹಳೇ ಅಭ್ಯಾಸ. ಇಲ್ಲಿನ ಬಾಡಿಗೆ ಮನೆಗಳಲ್ಲಿ ಕೇಹರ್‌ವೋಖೆ ಎಂಬ ಸರದಿ ಇದೆ. ವಾರಕ್ಕೊಂದು ಮನೆಯ ಬಾಗಿಲಿಗೆ ಪುಟ್ಟ ಫಲಕ ಬಂದು ನೇತುಬೀಳುತ್ತದೆ. ನೇತುಬಿದ್ದ ಮನೆಯವರು ಮೆಟ್ಟಿಲು ಗುಡಿಸಿ ಒರೆಸಬೇಕು, ದೊಡ್ಡ ಸರದಿಯಾದರೆ ನೆಲಮಾಳಿಗೆ, ಅಂಗಳ, ಮನೆ ಮುಂದಿನ ಫುಟ್‌ಪಾತು ಎಲ್ಲವೂ ಸೇರುತ್ತದೆ. ಮುಗಿದ ಮೇಲೆ ಫಲಕವನ್ನು ಪಕ್ಕದ ಮನೆಗೆ ದಾಟಿಸಬೇಕು. ಚಳಿಗಾಲದಲ್ಲಿ ರಾತ್ರಿ ಹಿಮ ಬಿದ್ದರೆ ಬೆಳಗ್ಗೆ ಜನ ಓಡಾಡುವ ಮುಂಚೆಯೇ ಕತ್ತಲಲ್ಲಿ ಸಲಿಕೆ ಹಿಡಿದು ನಿಲ್ಲಬೇಕು, ಯಾರಾದರೂ ಜಾರಿ ಬಿದ್ದರೆ ಹೊಣೆ ನಮ್ಮ ತಲೆಗೇ ಬರಬಹುದು. ಈ ಪದ್ಧತಿಯ ಬೇರು 1492ರಲ್ಲಿ ಇಲ್ಲಿನ ದೊರೆ ಎಬರ್‌ಹಾರ್ಡ್ ಹೊರಡಿಸಿದ ಊರ ಕಟ್ಟಳೆಯಲ್ಲಿದೆ ಎನ್ನುತ್ತಾರೆ. ಕೊಲಂಬಸ್ ಹಡಗು ಹತ್ತಿದ್ದೂ ಅದೇ ವರ್ಷ. ಒಬ್ಬ ಭಾರತಕ್ಕೆಂದು ಹೊರಟ, ಇನ್ನೊಬ್ಬ ಭಾರತದಿಂದ ಬರುವವರಿಗಾಗಿ ಪೊರಕೆ ತಯಾರು ಮಾಡಿಟ್ಟ.

ಮೊದಮೊದಲು ನಮ್ಮೆಜಮಾನರು ಇದನ್ನು ಆಫೀಸಿನ ಪ್ರಾಜೆಕ್ಟ್ ಎಂದೇ ತಿಳಿದು ಎಕ್ಸೆಲ್ ಹಾಳೆಯಲ್ಲಿ ಮೆಟ್ಟಿಲುಗಳನ್ನು ಹಂಚಿಕೊಂಡರು. ಹಾಳೆಯಲ್ಲಿ ನನ್ನ ಹೆಸರಿನ ಮುಂದೆ ಮೆಟ್ಟಿಲು, ಅವರ ಹೆಸರಿನ ಮುಂದೆ ಮೇಲ್ವಿಚಾರಣೆ. ಆ ಹಾಳೆ ಬಹಳ ದಿನ ಬಾಳಲಿಲ್ಲ.

ಒಂದು ಮೇ ತಿಂಗಳಲ್ಲಿ ಅತ್ತೆ ಬಂದರು. ಅವರಿಗೆ ಸ್ಟುಟ್‌ಗಾರ್ಟ್ ಪರದೇಶವೇ ಅಲ್ಲ. ಅವರ ಅಣ್ಣ ಆಡುಗೋಡಿಯ ಮೈಕೋ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದವರು, ಮೈಕೋದ ಮೂಲ ಕಂಪನಿ ಬಾಷ್ ಹುಟ್ಟಿದ್ದು 1886ರಲ್ಲಿ ಇದೇ ಊರಿನಲ್ಲಿ. ಅಂದಮೇಲೆ ಇದು ಅಣ್ಣನ ಕಂಪನಿಯ ತವರು. ಬೀಗರ ಊರಿಗೆ ಬಂದವರ ಗತ್ತಿನಲ್ಲೇ ಅವರು ವಿಮಾನ ಇಳಿದರು. ಬಾಗಿಲಲ್ಲಿ ನೇತಾಡುತ್ತಿದ್ದ ಫಲಕ ನೋಡಿ, "ಏನೋ ಬಹುಮಾನ ಬಂದಿರೋ ಹಾಗಿದೆ?" ಎಂದು ಖುಷಿಪಟ್ಟರು. ಬಹುಮಾನ ಏನೆಂದು ಶನಿವಾರ ಗೊತ್ತಾಯಿತು. ಮಗ ಹಳೇ ಪ್ಯಾಂಟು ಮಡಿಚಿಕೊಂಡು ಪೊರಕೆ ಹಿಡಿದು ಮೆಟ್ಟಿಲಿಳಿಯುತ್ತಿದ್ದ.

"ಏನೋ ಇದು? ಸಾಲ ಮಾಡಿ ಬಿ.ಇ. ಓದಿಸಿದ್ದು ಇದಕ್ಕೇನೋ?"

"ಅಮ್ಮಾ, ಕೆಳಗಿನ ಮನೆಯವರು ಡಾಕ್ಟರು. ಅವರೂ ಗುಡಿಸ್ತಾರೆ."

"ಅವರಮ್ಮ ನೋಡಿಲ್ಲ ಅಂತ ಕಾಣುತ್ತೆ" ಎಂದು ಹೇಳಿ ಅತ್ತೆ ನನ್ನ ಕಡೆ ಒಂದು ನೋಟ ಬೀರಿದರು. ಅದರ ಅರ್ಥ ಯಾವ ಸೊಸೆಗೂ ಬಿಡಿಸಿ ಹೇಳಬೇಕಾಗಿಲ್ಲ. ಪೊರಕೆ ಮಗನ ಕೈಯಿಂದ ಅವರ ಕೈಗೆ ಬಂತು. ಉದ್ದ ಕೋಲಿನ ಆ ಪೊರಕೆಯ ಮೇಲೂ ಅವರಿಗೆ ನಂಬಿಕೆ ಇರಲಿಲ್ಲ. ಸೊಂಟ ಬಗ್ಗಿಸದೆ ಗುಡಿಸಿದರೆ ಕಸ ಹೋಗುತ್ತದೆಯೇ? ಆದರೂ ಗುಡಿಸಿದರು. ಗುಡಿಸಿ, ಒರೆಸಿ, ಕೆಳಗಿನ ಹೆಬ್ಬಾಗಿಲಿನ ಕಲ್ಲು ಚೊಕ್ಕಟವಾಗಿ ಹೊಳೆಯುವುದನ್ನು ಕಂಡು ಬರಿದೇ ಬಿಡಲು ಮನಸ್ಸಾಗದೆ, ಅಕ್ಕಿಹಿಟ್ಟು ತಂದು ಏಳು ಚುಕ್ಕಿಯ ರಂಗೋಲಿ ಎಳೆದುಬಂದರು.

ಅರ್ಧ ಗಂಟೆಯಲ್ಲಿ ಬೆಲ್ ಆಯಿತು. ನೆಲ ಅಂತಸ್ತಿನ ಅಜ್ಜಿ. ಪೊರಕೆ ವಾರ ಸರಿಯಾಗಿ ನಡೆಯುತ್ತದೋ ಇಲ್ಲವೋ ಎಂದು ನೋಡಿಕೊಳ್ಳಲು ಅವರನ್ನು ಯಾರೂ ನೇಮಿಸಿಲ್ಲ, ತಾವಾಗಿಯೇ ವಹಿಸಿಕೊಂಡಿದ್ದಾರೆ. ಮೆಟ್ಟಿಲು ಬಹಳ ಚೆನ್ನಾಗಿದೆ, ಆದರೆ ಬಾಗಿಲ ಬಳಿ ಒಂದಿಷ್ಟು ಹಿಟ್ಟು ಚೆಲ್ಲಿತ್ತು, ತಾವೇ ಗುಡಿಸಿದ್ದಾಗಿ ಹೇಳಿ ಹೋದರು. ಅತ್ತೆ ಮರುದಿನ ಮತ್ತೆ ಎಳೆದರು, ಅಜ್ಜಿ ಮತ್ತೆ ಗುಡಿಸಿದರು. ಮೂರನೆಯ ದಿನ ಅಜ್ಜಿ ಮುಂಚೆಯೇ ಬಾಗಿಲ ಬಳಿ ಕಾದಿದ್ದು, ಹಿಟ್ಟು ಚೆಲ್ಲುವವರನ್ನು ಕೈಯಾರೆ ಹಿಡಿದರು. ಅತ್ತೆ ಎರಡು ಬೆರಳ ನಡುವಿನಿಂದ ಹಿಟ್ಟು ಬಿಡುತ್ತಾ, ಒಂದೂ ಚುಕ್ಕಿ ಮುಟ್ಟದೆ ಗೆರೆ ಸುತ್ತಿಸಿ ತಂದು ಶುರುವಾದಲ್ಲಿಗೇ ಸೇರಿಸುವವರೆಗೆ ಅಜ್ಜಿ ಅಲುಗಾಡಲಿಲ್ಲ. ಸಂಜೆ ನಮ್ಮ ಮನೆಗೆ ಬಂದು, ಬಹಳ ಕಳವಳದಿಂದ, ನನ್ನನ್ನು ಬದಿಗೆ ಕರೆದು ಕೇಳಿದರು: "ಮುಂದಿನ ವಾರ ಸರದಿ ನನ್ನದು. ನಾನೂ ಅದನ್ನು ಹಾಕಬೇಕಾ? ಬಾಡಿಗೆ ಕರಾರಿನಲ್ಲಿ ಹಾಗೆ ಬರೆದಿಲ್ಲವಲ್ಲ?"

ಈ ದೇಶದಲ್ಲಿ ಅತ್ತೆಗೆ ಹಿಡಿಸದೇ ಇದ್ದದ್ದು ಎರಡು. ಒಂದು ಸೂರ್ಯ. ಜೂನಿನಲ್ಲಿ ರಾತ್ರಿ ಒಂಬತ್ತಾದರೂ ಮುಳುಗುವುದಿಲ್ಲ. ದೇವರ ದೀಪ ಹಚ್ಚುವುದಕ್ಕೆ ಮುಸ್ಸಂಜೆ ಯಾವಾಗ ಬರುತ್ತದೆಂದು ಕಿಟಕಿ ಬಳಿ ಕೂತು ಕೂತು ಸಾಕಾಗಿ, ಕೊನೆಗೆ ಬೆಂಗಳೂರಿನ ಏಳು ಗಂಟೆಗೆ ಸರಿಯಾಗಿ, ಎಂದರೆ ಇಲ್ಲಿನ ಮಧ್ಯಾಹ್ನ ಮೂರೂವರೆಯ ಸುಡುಬಿಸಿಲಿನಲ್ಲಿ, ದೀಪ ಹಚ್ಚಿ ಕೈಮುಗಿದರು. ದೇವರು ಇರುವುದು ಅಲ್ಲೇ ತಾನೇ ಎಂದು ಅವರ ವಾದ.

ಇನ್ನೊಂದು ಭಾನುವಾರ. ಭಾನುವಾರದ ವಿಶ್ರಾಂತಿಯನ್ನು ಇಲ್ಲಿ ಸಂವಿಧಾನವೇ ಕಾಪಾಡುತ್ತದೆ. 1919ರ ಸಂವಿಧಾನದ ಮಾತನ್ನು 1949ರಲ್ಲಿ ಹಾಗೆಯೇ ಉಳಿಸಿಕೊಂಡಿದ್ದಾರೆ. ಅಂಗಡಿಗಳೆಲ್ಲ ಮುಚ್ಚಿರುತ್ತವೆ. ಗೋಡೆಗೆ ಮೊಳೆ ಹೊಡೆಯುವಂತಿಲ್ಲ. ಖಾಲಿ ಸೀಸೆಯನ್ನು ಬೀದಿಯ ಡಬ್ಬಕ್ಕೆ ಹಾಕಿದರೂ ಸದ್ದಾಯಿತು ಎಂದು ದೂರು. (ಸೀಸೆಯಲ್ಲೂ ಬಿಳಿ, ಕಂದು, ಹಸಿರು ಎಂದು ಮೂರು ಜಾತಿ, ಮೂರು ಡಬ್ಬ. ನೀಲಿ ಸೀಸೆ ಹಸಿರಿನ ಪಂಕ್ತಿಗೆ.) ಮೊದಲ ಭಾನುವಾರ ಅತ್ತೆ ಬಾಲ್ಕನಿಯಿಂದ ಬೀದಿಯ ಆ ತುದಿ ಈ ತುದಿ ನೋಡಿ, ದನಿ ತಗ್ಗಿಸಿ, "ಯಾರಾದರೂ ಹೋಗಿಬಿಟ್ರಾ ಕಣೇ?" ಎಂದು ಕೇಳಿದರು. ನನಗೋ, ನಿಜ ಹೇಳುತ್ತೇನೆ, ಆ ಭಾನುವಾರ ಬಲು ಇಷ್ಟ. ಬೆಂಗಳೂರಿನಲ್ಲಿ ಮೇಲಿನ ಮನೆಯವರು ಡ್ರಿಲ್ಲಿಂಗ್ ಮಿಷನ್ ಕೊಂಡದ್ದೇ ಭಾನುವಾರಕ್ಕೆಂದು. ಆದರೆ ಶನಿವಾರ ರಾತ್ರಿ ಒಗ್ಗರಣೆಗೆ ಕೈ ಹಾಕಿದಾಗ ಕರಿಬೇವಿನ ಡಬ್ಬಿ ಖಾಲಿ ಎಂದು ಗೊತ್ತಾದರೆ ಆ ಶಾಂತಿಯನ್ನು ಇಟ್ಟುಕೊಂಡು ಏನು ಮಾಡುವುದು? ಬೆಂಗಳೂರಿನ ಹನುಮಂತನಗರದಲ್ಲಾದರೆ ಪಕ್ಕದ ಮನೆಯ ಗಿಡಕ್ಕೆ ಕೈ ಚಾಚಿದರೆ ಆಯಿತು.

ಆಫೀಸಿನ ವಿಷಯದಲ್ಲಿ ಮಾತ್ರ ಈ ದೇಶದ ಮುಂದೆ ನನ್ನದು ದೀರ್ಘದಂಡ ನಮಸ್ಕಾರ. ಸಂಜೆ ಎದ್ದು ಬಂದರೆ ಬಂದಂತೆ, ಫೋನು ಬರುವುದಿಲ್ಲ. ಕಾಯಿಲೆ ಬಿದ್ದರೆ 6 ವಾರದವರೆಗೆ ಕಂಪನಿ ಪೂರ್ತಿ ಸಂಬಳ ಕೊಡಬೇಕೆಂದು ಕಾನೂನೇ ಇದೆ. ಹಿಂದೊಮ್ಮೆ ಊರಿನಲ್ಲಿ ಡ್ರಿಪ್ ಹಾಕಿಸಿಕೊಂಡು ಮಲಗಿದ್ದಾಗ ಮ್ಯಾನೇಜರು ಫೋನು ಮಾಡಿ, ಸೂಜಿ ಚುಚ್ಚಿದ್ದು ಎಡಗೈಗಾ ಬಲಗೈಗಾ ಎಂದು ವಿಚಾರಿಸಿದ್ದರು. ಇಲ್ಲಿನ ಕಷ್ಟವೆಂದರೆ ಕಾಯಿಲೆಯೂ ಮೊದಲೇ ಟರ್ಮಿನ್ ತೆಗೆದುಕೊಂಡು ಬರಬೇಕು. ಟರ್ಮಿನ್ ಎಂದರೆ ಮುಂಗಡ ಗೊತ್ತುಮಾಡಿಕೊಂಡ ಹೊತ್ತು, ಇಲ್ಲಿರುವ ಕನ್ನಡಿಗರ ಬಾಯಲ್ಲಿ ಅದು "ಟರ್ಮಿನ್ ಸಿಕ್ತಾ?" ಎಂದೇ ಓಡಾಡುತ್ತದೆ. ಚರ್ಮದ ಡಾಕ್ಟರು ನನಗೆ ಕೊಟ್ಟ ದಿನ ಎಷ್ಟು ದೂರವಿತ್ತೆಂದರೆ ಅಷ್ಟರಲ್ಲಿ ಕಜ್ಜಿಗೇ ಬೇಜಾರಾಗಿ ಹೊರಟುಹೋಗಿತ್ತು.

ನೆಂಟರಿಷ್ಟರಿಗೂ ಇದೇ ಕಟ್ಟಳೆ. ಆಫೀಸಿನ ಗೆಳತಿಯೊಬ್ಬಳು ಮೂರರಿಂದ ಐದರವರೆಗೆ ಎಂದು ಗೊತ್ತುಮಾಡಿಕೊಂಡು ಅತ್ತೆಯನ್ನು ನೋಡಲು ಬಂದಳು. ಐದಕ್ಕೆ ಎದ್ದು ಕೋಟು ಹಾಕಿಕೊಂಡು ಹೊರಟೇಬಿಟ್ಟಳು. ಅತ್ತೆ ಗಾಬರಿಯಾದರು. "ಉಪ್ಪಿಟ್ಟು ಖಾರ ಆಯ್ತೇನೋ. ಬಾಗಿಲಲ್ಲಿ ಒಂದು ಮಾತೂ ಆಡಲಿಲ್ಲವಲ್ಲೇ?" ಪಾಪ, ನಮ್ಮ ಕಡೆ ಒಳಗೆ ಕೂತು ಆಡುವುದು ಹವಾಮಾನದ ಮಾತು. ಯಾರ ಮಗಳ ಜಾತಕ ಎಲ್ಲಿಂದ ವಾಪಸ್ಸು ಬಂತು, ಯಾರ ಸೈಟು ಕೋರ್ಟಿಗೆ ಹೋಯಿತು ಅನ್ನುವ ಮುಖ್ಯ ಸಮಾಚಾರಗಳೆಲ್ಲ ಹೊರಬರುವುದು ಕುಂಕುಮ ಕೊಟ್ಟು, ಚಪ್ಪಲಿ ಮೆಟ್ಟಿ, ಗೇಟಿನ ಮೇಲೆ ಕೈಯಿಟ್ಟು ನಿಂತ ಮೇಲೆ.

ಅತ್ತೆಯನ್ನು ಒಂದು ದಿನ ಟ್ಯೂಬಿಂಗನ್ನಿಗೆ ಕರೆದುಕೊಂಡು ಹೋದೆವು, ರೈಲಿನಲ್ಲಿ ಸುಮಾರು ಒಂದು ಗಂಟೆ. 1894ರಲ್ಲಿ ಹೊರಬಂದ ಕನ್ನಡ ನಿಘಂಟಿನ ಕಿಟ್ಟೆಲ್ ತಮ್ಮ ಕೊನೆಗಾಲವನ್ನು ಕಳೆದದ್ದು ಆ ಊರಿನಲ್ಲಿ, ತೀರಿಕೊಂಡದ್ದು 1903ರಲ್ಲಿ. ಮಂಗಳೂರಿನಲ್ಲಿ 1843ರಲ್ಲಿ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವನ್ನು ಹೊರಡಿಸಿದ ಹರ್ಮನ್ ಮೋಗ್ಲಿಂಗ್ ಇನ್ನೂ ಹತ್ತಿರದವರು. ಊರಿಗೆ ಮರಳಿ ಅವರು ಕಣ್ಣುಮುಚ್ಚಿದ್ದು ಸ್ಟುಟ್‌ಗಾರ್ಟಿಗೆ ತಾಗಿಕೊಂಡಿರುವ ಎಸ್ಲಿಂಗನ್ನಿನಲ್ಲಿ, 1881ರಲ್ಲಿ. ನದಿಯ ಸೇತುವೆ ಮೇಲೆ ನಿಂತು ನಮ್ಮೆಜಮಾನರು ಇದನ್ನೆಲ್ಲ ವಿವರವಾಗಿ ಹೇಳಿದರು. ಜರ್ಮನಿಯವರು ನಮ್ಮ ನಾಡಿಗೆ ಬಂದು ಎಷ್ಟೊಂದು ಕೆಲಸ ಮಾಡಿಹೋದರು ಎಂದು ಅತ್ತೆ ಬೆರಗಾಗಲಿ ಎಂಬುದು ಅವರ ಆಸೆ. ಅತ್ತೆ ಎಲ್ಲವನ್ನೂ ಕೇಳಿಸಿಕೊಂಡು, "ಅಷ್ಟು ವರ್ಷ ನಮ್ಮ ಊಟ ಉಂಡು ಬಂದವರು. ಇಲ್ಲಿ ಹುಳಿ ಸಾರಿಗೆ ಏನು ಮಾಡಿಕೊಂಡರೋ, ಪಾಪ" ಅಂದರು. ಕಿಟ್ಟೆಲ್ ಬಗ್ಗೆ ನಾನು ಓದಿದ ಯಾವ ಲೇಖನದಲ್ಲೂ ಈ ಪ್ರಶ್ನೆಯನ್ನು ಯಾರೂ ಎತ್ತಿಲ್ಲ.

ಕಳೆದ ಸಲ ಬೆಂಗಳೂರಿಗೆ ಹೋದಾಗ ನಮ್ಮೆಜಮಾನರು ಅಭ್ಯಾಸಬಲದಿಂದ ಶನಿವಾರ ಬೆಳಗ್ಗೆ ಪೊರಕೆ ಹಿಡಿದು ಅಂಗಳಕ್ಕಿಳಿದರು. ಕೆಲಸದವಳು ಬಂದವಳೇ ನೋಡಿ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಅತ್ತೆಯನ್ನು ಕೇಳಿದಳು: "ನಾನು ಮಾಡಿದ್ದು ಸರಿಯಿಲ್ಲ ಅಂದ್ರೆ ಬಾಯಿಬಿಟ್ಟು ಹೇಳಿ ಅಮ್ಮಾ, ಮಗನ ಕೈಲಿ ಮಾಡಿಸಿ ಯಾಕೆ ತೋರಿಸ್ತೀರಾ?" ಅವಳನ್ನು ಸಮಾಧಾನ ಮಾಡುವುದಕ್ಕೆ ಎರಡು ಲೋಟ ಕಾಫಿ ಮತ್ತು ನಾನು ತಂದಿದ್ದ ಚಾಕೊಲೇಟಿನಲ್ಲಿ ಅರ್ಧ ಖರ್ಚಾಯಿತು. ನಾವು ವಿಮಾನ ಹತ್ತುವವರೆಗೆ ಯಾರೂ ಪೊರಕೆ ಮುಟ್ಟಕೂಡದು ಎಂದು ಅತ್ತೆ ಅಪ್ಪಣೆ ಮಾಡಿದರು.

ಸ್ಟುಟ್‌ಗಾರ್ಟಿಗೆ ಬರುವ ಯೋಚನೆ ಇರುವವರಲ್ಲಿ ಒಂದು ವಿನಂತಿ. ಟರ್ಮಿನ್ ಬೇಕಿಲ್ಲ, ಬನ್ನಿ. ಭಾನುವಾರ ಬರುವುದಾದರೆ ಮಾತ್ರ ಶನಿವಾರ ಮಧ್ಯಾಹ್ನದೊಳಗೆ ತಿಳಿಸಿ, ಹಾಲು ಮೊಸರು ತಂದಿಡಬೇಕು. ಹುಳಿಪುಡಿ, ಒಣಗಿಸಿದ ಕರಿಬೇವು ಎಷ್ಟಿದ್ದರೂ ತನ್ನಿ. ನೀವು ಬಂದ ವಾರ ನಮ್ಮ ಬಾಗಿಲಲ್ಲಿ ಫಲಕ ನೇತಾಡುತ್ತಿದ್ದರೆ ಎರಡನೇ ಅಂತಸ್ತಿನಿಂದ ಕೆಳಗಿನ ಮೆಟ್ಟಿಲು ನಿಮ್ಮದು.