ಏಳು ಇಂಚಿನ ಪರದೆಯ ಮೇಲೆ ನಾನು

ಮಗ ಕೈಯಲ್ಲಿ ಹಿಡಿದು ಗೇಮ್ ಆಡೋ ಸ್ಟೀಮ್ ಡೆಕ್ ಆನ್ ಮಾಡಿದರೆ ಮೊದಲು ಕಂಪನಿಯದೇ ಒಂದು ಪುಟ್ಟ ವಿಡಿಯೋ ಓಡುತ್ತದೆ. ಅದರ ಜಾಗಕ್ಕೆ ನಮಗೆ ಬೇಕಾದ್ದನ್ನು ಹಾಕಿಕೊಳ್ಳಬಹುದು ಅಂತ ಅವನು ನನ್ನೆದುರು ಬಾಯಿಬಿಟ್ಟ. ಕಂತು ಕಟ್ಟೋನು ನಾನು, ದರ್ಶನ ಕೊಡೋದು ಕಂಪನಿಯೇ? ದುಡ್ಡು ಕೊಟ್ಟವನ ಮುಖಕ್ಕೆ ನಿಮ್ಮ ಮನೆಯಲ್ಲೂ ಇಷ್ಟೇ ಬೆಲೆ ಬಿಡಿ.

ರಾಜ್ಯೋತ್ಸವದ ಭಾಷಣಕ್ಕೆ ಮೈಸೂರು ಪೇಟ ಸುತ್ತಿಕೊಂಡು ಮನೆಯಲ್ಲೇ ತಾಲೀಮು ಮಾಡಿದ್ದೆ. ಆ ವಿಡಿಯೋ ಫೋನಿನಲ್ಲಿತ್ತು. ಆದರೆ ಎಂಪಿ4 ನಡೆಯೋದಿಲ್ಲವಂತೆ, ವೆಬ್‌ಎಂ ಆಗಬೇಕಂತೆ. ಎಫ್‌ಎಫ್‌ಎಂಪೆಗ್ ಅನ್ನೋ ಪುಕ್ಕಟೆ ಸಾಫ್ಟ್‌ವೇರ್‌ಗೆ ಒಂದು ಸಾಲು ಟೈಪ್ ಮಾಡಿದರೆ ಸಾಕು. ನಡುವೆ ಒಂದು ಅಡ್ಡಗೆರೆ ಬಿಟ್ಟುಹೋದರೆ ಪುಟಗಟ್ಟಲೆ ಬೈಯುತ್ತದೆ. ವೆಬ್‌ಎಂ ಒಳಗಿನ ವಿಪಿ9 ರೂಪಕ್ಕೆ ತಿರುಗಿಸೋದಂತೂ ಆಮೆಗತಿ. ನಮ್ಮ ಹಳೇ ಲ್ಯಾಪ್‌ಟಾಪಿನ ಫ್ಯಾನ್ ಆ ಪರಿ ಕಿರುಚಿಕೊಂಡಾಗ ಒಳಗಿಂದ ಇವಳು, "ರೀ, ಮಿಕ್ಸಿ ಆಫ್ ಮಾಡಿ!" ಅಂದಳು.

ಪರದೆ 1280ಕ್ಕೆ 800, ಅಡ್ಡಡ್ಡ. ನನ್ನ ವಿಡಿಯೋ ಉದ್ದುದ್ದ. ಎರಡೂ ಕಡೆ ಕಪ್ಪು ಗೋಡೆ, ನಡುವೆ ಊದಿನಕಡ್ಡಿಯ ಹಾಗೆ ನಾನು. ಸರಿ, ಅಗಲಕ್ಕೆ ಹೊಂದಿಸಿ ಕತ್ತರಿಸಿದೆ. ಪೇಟ ಹೋಯಿತು, ಹಣೆಯೂ ಹೋಯಿತು. ಉಳಿದದ್ದು ಹೊಟ್ಟೆ, ಜೊತೆಗೆ ಶಾಲಿನ ಜರಿ.

"ಹೊಟ್ಟೆ ಮಾತ್ರ ಸರಿಯಾಗಿ ಫಿಟ್ ಆಗಿದೆ ಅಪ್ಪಾ" ಅಂದ ಮಗ.

ಕೊನೆಗೆ ಪೇಟಕ್ಕೆ ಜಾಗ ಕೊಟ್ಟು, ಶುರುವಿನ ಒಂಬತ್ತು ಸೆಕೆಂಡು ಉಳಿಸಿಕೊಂಡೆ. ಅದನ್ನು ಇಡೋದಕ್ಕೆ ಸ್ಟೀಮ್‌ನ ಕಾನ್ಫಿಗ್ ಫೋಲ್ಡರಿನಲ್ಲಿ 'ಯುಐಓವರ್‌ರೈಡ್ಸ್', ಅದರೊಳಗೆ 'ಮೂವೀಸ್' ಅಂತ ಫೋಲ್ಡರು ಕೈಯಾರೆ ಮಾಡಬೇಕು. ಆ ದಾರಿಯಲ್ಲೊಂದು ಫೋಲ್ಡರಿನ ಹೆಸರು ಚುಕ್ಕಿಯಿಂದ ಶುರು, ಹಾಗಾಗಿ ಕಣ್ಣಿಗೇ ಬೀಳೋದಿಲ್ಲ. ನಮ್ಮನೆಯ ಬೀರು ಕೀಗಿಂತ ಅದನ್ನು ಹುಡುಕೋದೇ ಕಷ್ಟವಾಯಿತು. ಸೆಟ್ಟಿಂಗ್ಸ್‌ನ ಕಸ್ಟಮೈಸೇಶನ್‌ನಲ್ಲಿ ನನ್ನನ್ನೇ ಆರಿಸಿ, ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಬಟನ್ ಒತ್ತಿದೆ.

ಪೇಟ ಬಂತು. ಮೀಸೆ ಬಂತು. ನಾನು ಗಂಟಲು ಸರಿಮಾಡಿಕೊಂಡು "ಮಾನ್ಯ..." ಅನ್ನೋ ಹೊತ್ತಿಗೆ ವಿಡಿಯೋದಲ್ಲೇ ಅಡುಗೆಮನೆಯಿಂದ ಇವಳ ದನಿ: "ರೀ, ಕರೆಂಟ್ ಬಿಲ್ ಕಟ್ಟಿದ್ರಾ?" ನಾನು ಪೇಟ ಸಮೇತ ಬೆಚ್ಚಿ ಆ ಕಡೆ ತಿರುಗುವಲ್ಲಿಗೆ ಒಂಬತ್ತು ಸೆಕೆಂಡು ಖಲಾಸ್.

ಡಿಲೀಟ್ ಮಾಡೋದಕ್ಕೆ ಮಗ ಬಿಡಲಿಲ್ಲ. ಅವನ ಗೆಳೆಯರಿಗೆ ಆಟಕ್ಕಿಂತ ಇದೇ ಇಷ್ಟವಂತೆ. ಆನ್ ಮಾಡ್ತಾರೆ, ನಗ್ತಾರೆ, ಆಫ್ ಮಾಡಿ ಮತ್ತೆ ಆನ್ ಮಾಡ್ತಾರೆ. ಮೊನ್ನೆ ಲಿಫ್ಟಿನಲ್ಲಿ ಅವರಲ್ಲೊಬ್ಬ ವಿನಯದಿಂದಲೇ ಕೇಳಿದ: "ಅಂಕಲ್, ಬಿಲ್ ಕಟ್ಟಿದ್ರಾ?"

ಕಟ್ಟಿರಲಿಲ್ಲ.